ಪ್ರೂಡನ್ ಸಾಹೇಬರ ಠರಾವು

“ಎಳೀಲಾ ಗಾಂಜಾ ನನ್ಮಗನೆ! ಹೊಗೆ ಎಳೆಯಾಕೆ ಬತ್ತದೆ, ಬಲೆ ಎಳೆಯಾಕೆ ಬರಕಿಲ್ವಾ?”

ಏರಿಯ ಮೇಲೆ ಪಿಕಪ್ ನಿಲ್ಲಿಸಿ, ಕಿಟಕಿಗೆ ಮೊಣಕೈ ಊರಿಕೊಂಡು ಪ್ರೂಡನ್ ಕೂಗಿದ. ನಾನು ಎದೆಮಟ್ಟದ ನೀರಿನಲ್ಲಿದ್ದೆ. ಫೆಬ್ರವರಿಯ ನೀರು. ರಬ್ಬರ್ ದಿರಿಸು ತೊಡೆಯ ಹತ್ತಿರ ಹರಿದಿತ್ತು. ಒಳಗೆ ನುಗ್ಗಿದ ನೀರು ಬೂಟಿನಲ್ಲಿ ತುಂಬಿ ಕಾಲು ಯಾರದೋ ಅನ್ನಿಸುತ್ತಿತ್ತು. ಎರಡೂ ದಡದ ಮೇಲೆ ಟ್ರ್ಯಾಕ್ಟರುಗಳು ಬಲೆಯ ತುದಿ ಎಳೆಯುತ್ತಿದ್ದವು. ಬಲೆಯ ತಳ ಕೆಸರಲ್ಲಿ ಹೂತುಹೋಗದಂತೆ ಒದ್ದು ಎಬ್ಬಿಸುತ್ತ ಅದರ ಹಿಂದೆ ನಡೆಯುವುದು ನಮ್ಮ ಕೆಲಸ. ಮೀಸೆ ಮೀನಿನ ರೆಕ್ಕೆಮುಳ್ಳು ಅಂಗೈಗೆ ಹೊಕ್ಕರೆ ಕೈ ಸಂಜೆಯವರೆಗೂ ಉರಿಯುತ್ತದೆ. ಕೊಳದ ಒಡೆಯ ಪ್ರೂಡನ್ನನಿಗೆ ಅದು ಗೊತ್ತಿಲ್ಲ. ಅವನು ಮೀನನ್ನು ತಟ್ಟೆಯಲ್ಲೇ ನೋಡಿದವನು.

“ತಿರುಗಿ ನೋಡಬ್ಯಾಡ ಕಣ್ಲಾ,” ಎಂದ ಪಕ್ಕದಲ್ಲಿದ್ದ ಲೂಷಸ್ ಮಾವ. ಹಲ್ಲೆಲ್ಲ ಉದುರಿದರೂ ಬಲೆ ಬಿಡದ ಮುದುಕ. “ಮೀನು ನೋಡು. ಮೀಸೆ ಇದ್ರೂ ಬಾಯಿ ಮುಚ್ಕಂಡವೆ. ಅವನಿಗೆ ಮೀಸೆನೂ ಇಲ್ಲ, ಮುಚ್ಚಾಕೂ ಬರಕಿಲ್ಲ.”

ಹಿಂದಿನ ವರ್ಷ ಇದೇ ಮೀನನ್ನು ಟ್ಯಾಂಕಿನ ಲಾರಿಯಲ್ಲಿ ತುಂಬಿಕೊಂಡು ಕಾರ್ಖಾನೆಗೆ ಒಯ್ಯುತ್ತಿದ್ದವನು ನಾನು. ಒಣಗಿದ ಬಟ್ಟೆ, ಬೆಚ್ಚಗಿನ ಸೀಟು, ರೇಡಿಯೋ. ನಮ್ಮ ಕರಿಯರಲ್ಲಿ ಪ್ರೂಡನ್ನನ ಲಾರಿಯ ಸ್ಟೀರಿಂಗ್ ಹಿಡಿದವನು ನಾನೊಬ್ಬನೇ. ಅಕ್ಟೋಬರಿನಲ್ಲಿ ನಮ್ಮ ಲಮಾರಣ್ಣ ಸತ್ತ. ಮಣ್ಣು ಮಾಡಿ ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಅವನ ಪಕ್ಕದ ಸಮಾಧಿಕಟ್ಟೆಯ ಮೇಲೆ ಕೂತು, ಅವನ ಜೇಬಿನಲ್ಲೇ ಸಿಕ್ಕಿದ್ದ ಒಂದು ಗಾಂಜಾ ಸುರುಳಿ ಹಚ್ಚಿದೆ. ಅವನ ಪಾಲು, ನನ್ನ ಪಾಲು ಅಂತ. ಶೆರೀಫನ ಪೊಲೀಸ್ ಬೇಲಿಯಾಚೆ ನಿಂತಿದ್ದ.

ಕೋರ್ಟಿನಲ್ಲಿ ಸರ್ಕಾರ ಕೊಟ್ಟ ವಕೀಲ ನನ್ನ ಮುಖವನ್ನೂ ನೋಡಲಿಲ್ಲ. “ತಪ್ಪಾಯ್ತು ಅಂತ ಒಪ್ಕೊಂಬಿಡು. ದಂಡ ಕಟ್ಟು, ಮನೆಗೆ ಹೋಗು,” ಎಂದ. ನಮ್ಮ ಕೌಂಟಿಯಲ್ಲಿ ಎಲ್ಲರೂ ಹಾಗೇ ಮಾಡುವುದು. ಮಾಡಿದ್ದೋ ಮಾಡದ್ದೋ, ಒಪ್ಪಿಕೊಂಡರೆ ಊಟದ ಹೊತ್ತಿಗೆ ಮನೆ. ಇಲ್ಲ ಅಂದರೆ ಜೈಲಲ್ಲಿ ಕೂತು ವಿಚಾರಣೆಗೆ ಕಾಯಬೇಕು. ಒಪ್ಪಿಕೊಂಡೆ. ಆ ಒಂದು ಮಾತಿಗೆ ನನ್ನ ಡ್ರೈವಿಂಗ್ ಲೈಸೆನ್ಸೂ ಸತ್ತಿತು ಅಂತ ವಕೀಲ ಹೇಳಲಿಲ್ಲ, ಜಡ್ಜೂ ಹೇಳಲಿಲ್ಲ. ಆ ಶನಿವಾರ ನಾನು ಎಂದಿನಂತೆ ಮಗಳನ್ನು ಕರೆತರಲು ಕಾರು ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಹಿಡಿದರು. ಲೈಸೆನ್ಸ್ ಇಲ್ಲದೆ ಓಡಿಸಿದ್ದು ಹೊಸ ತಪ್ಪಾಯಿತು. ಲೈಸೆನ್ಸಿನ ರದ್ದತಿ ಆರು ತಿಂಗಳು ಇದ್ದದ್ದು ಒಂದೂವರೆ ವರ್ಷವಾಯಿತು. ಮೂರನೇ ಸಲ ಸಿಕ್ಕರೆ ಸೀದಾ ಜೈಲು.

ಮಗಳ ಹೆಸರು ಜೊಲೆಟ್. ನಾಲ್ಕು ವರ್ಷ. ಅವಳಮ್ಮ ಶೆರಿಲ್ ಎಲ್‌ಬ್ರಿಜ್‌ನಲ್ಲಿದ್ದಾಳೆ, ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಶನಿವಾರ ಮಗು ನನ್ನದು, ಆದರೆ ನಾನೇ ಹೋಗಿ ಕರೆತಂದು ನಾನೇ ಬಿಡಬೇಕು ಅಂತ ಕೋರ್ಟಿನ ಕಟ್ಟು. ಆ ಕಡೆಗೆ ಬಸ್ಸಿಲ್ಲ. ಮಗುವಿನ ಮುಖ ನೋಡದೆಯೇ ನವೆಂಬರ್ ಹೋಯಿತು, ಕ್ರಿಸ್ಮಸ್ ಹೋಯಿತು.

“ಲೇ ಹೈದ, ಬಾ ಮ್ಯಾಕೆ!” ಪ್ರೂಡನ್ ಮತ್ತೆ ಕೂಗಿದ.

ನೀರು ಸುರಿಸುತ್ತ ಏರಿ ಹತ್ತಿದೆ. ಅವನು ಕಿಟಕಿಯ ಗಾಜು ಅರ್ಧ ಏರಿಸಿದ, ನನ್ನ ವಾಸನೆ ಒಳಗೆ ಬಾರದ ಹಾಗೆ. ಈತ ನಮ್ಮ ಕೌಂಟಿಯ ಶಾಸಕನೂ ಹೌದು.

“ಮಂಗಳವಾರ ನನ್ ಜೊತೆ ರಾಜಧಾನಿಗೆ ಬತ್ತೀಯ. ಸಭೆ ಮುಂದೆ ಮಾತಾಡ್ಬೇಕು ನೀನು.”

“ನಾನಾ? ಏನ್ ಮಾತಾಡ್ಲಿ ಸಾಹೇಬ್ರೆ?”

“ನಿನ್ ಲೈಸೆನ್ಸ್ ಕಿತ್ಕಂಡಿದ್ದು ಯಾರು ಅನ್ಕಂಡಿದ್ದೀ? ನಾವಲ್ಲ, ವಾಷಿಂಗ್ಟನ್ನು. ‘ಗಾಂಜಾ ಕೇಸಲ್ಲಿ ಸಿಕ್ಕೋರ ಲೈಸೆನ್ಸ್ ಕಿತ್ಕಳಿ, ಇಲ್ದಿದ್ರೆ ಹೆದ್ದಾರಿ ದುಡ್ಡು ಕೊಡಾಕಿಲ್ಲ’ ಅಂತವ್ರೆ. ನಮ್ ರಾಜ್ಯದ ಕತ್ತು ಹಿಸುಕ್ತಾವ್ರೆ, ತಿಳೀತಾ? ಆದ್ರೆ ಒಂದು ಕಿಂಡಿ ಬಿಟ್ಟವ್ರೆ. ‘ನಮಗೆ ಇದು ಒಪ್ಪಿಗೆ ಇಲ್ಲ’ ಅಂತ ಸಭೆ ಠರಾವು ಮಾಡಿ, ಗವರ್ನರ್ ಸಹಿ ಹಾಕಿ ಕಳಿಸ್ಬುಟ್ರೆ ದುಡ್ಡೂ ಬತ್ತದೆ, ಲೈಸೆನ್ಸೂ ಉಳೀತದೆ.”

“ಅಷ್ಟೇನಾ? ಒಪ್ಪಿಗೆ ಇಲ್ಲ ಅಂದ್ರೆ ಸಾಕಾ?”

“ಅಷ್ಟೇ. ಠರಾವು ಬರ್ದೋನು ನಾನೇ. ನಂಗೊಂದು ಮುಖ ಬೇಕು, ನಿನ್ನಂಥದ್ದು. ಪಾಸಾದ್ರೆ ನಿನ್ ಲೈಸೆನ್ಸೂ ವಾಪಸ್ಸು, ಲಾರಿನೂ ವಾಪಸ್ಸು.” ಗಾಜು ಪೂರ್ತಿ ಏರಿಸುವ ಮೊದಲು ಹೇಳಿದ: “ಆ ಮುದಿ ಹೈದನಿಗೂ ನಿಮ್ಮತ್ತೆಗೂ ಹೇಳು. ಅವತ್ತು ಸಭೆಯೋರಿಗೆಲ್ಲ ನಂದೇ ಮೀನೂಟ. ಬಾಣಲೆ ಮುಂದೆ ಅವರು ನಿಂತ್ಕಳ್ಲಿ.”

ಲೂಷಸ್ ಮಾವನಿಗೆ ಪ್ರೂಡನ್ನನ ಅಪ್ಪನಷ್ಟು ವಯಸ್ಸು. ಅವನೂ ‘ಹೈದ’ನೇ.

*

ಮಂಗಳವಾರ ಬೆಳಿಗ್ಗೆ ಪ್ರೂಡನ್ನೇ ತನ್ನ ದೊಡ್ಡ ವ್ಯಾನು ಓಡಿಸಿದ. ಹಿಂದೆ ಟ್ರೈಲರಿನಲ್ಲಿ ಒಲೆ, ಬಾಣಲೆ, ಐಸಿನಲ್ಲಿ ಹೂತಿಟ್ಟ ಮೀನು. ಹಿಂದಿನ ಸೀಟಿನಲ್ಲಿ ವರ್ಲೀನ್ ಅತ್ತೆ ಮತ್ತು ಲೂಷಸ್ ಮಾವ. ಅತ್ತೆ ಪ್ರೂಡನ್ನನ ಕಾರ್ಖಾನೆಯಲ್ಲಿ ಮೀನು ಸೀಳುವವಳು; ನನ್ನನ್ನು ಸಾಕಿದವಳೂ ಅವಳೇ. ನಾನು ಮುಂದೆ, ಪ್ರೂಡನ್ನನ ಪಕ್ಕ. ನನ್ನ ಮೈಮೇಲೆ ಅವನ ಮಗನ ಹಳೇ ಬಿಳಿ ಅಂಗಿ. ತೋಳು ಮಣಿಕಟ್ಟಿಗೂ ಮುಟ್ಟುತ್ತಿರಲಿಲ್ಲ.

“ಹೇಳು ನೋಡಾಣ,” ಎಂದ ಪ್ರೂಡನ್.

“ನಾನು ತಪ್ಪು ಮಾಡ್ದೆ. ದೇವರು ನನ್ನ ಕಣ್ಣು ತೆರೆಸ್ದ. ಪ್ರೂಡನ್ ಸಾಹೇಬ್ರು ಕೆಲಸ ಕೊಟ್ಟು ಕಾಪಾಡಿದ್ರು.”

“ಕಾಪಾಡಿದ್ರು ಅನ್ನೋವಾಗ ನನ್ ಕಡೆ ನೋಡು. ಎರಡ್ನೇ ಕೇಸಿನ ಸುದ್ದಿ ಎತ್ತಬ್ಯಾಡ. ಸಮಾಧಿ ಗಿಮಾಧಿ ಏನೂ ಬ್ಯಾಡ.”

“ನಿಮ್ಮ ಚಿಕ್ಕ ಸಾಹೇಬ್ರೂ ಸಿಕ್ಕಿಬಿದ್ದಿದ್ರಂತಲ್ಲ, ಕಾಲೇಜಲ್ಲಿ,” ಎಂದ ಹಿಂದಿನಿಂದ ಲೂಷಸ್ ಮಾವ, ಹಸುಳೆಯ ದನಿಯಲ್ಲಿ. “ಅವರ್ನೂ ಕರ್ಕಂಬಂದಿದ್ರೆ ಇಬ್ರೂ ಸೇರಿ ಹೇಳ್ತಿದ್ರು.”

ಅತ್ತೆ ಮೊಣಕೈಯಿಂದ ತಿವಿದ ಸದ್ದು ಕೇಳಿಸಿತು. ಪ್ರೂಡನ್ನನ ಕತ್ತು ಕೆಂಪಗಾಯಿತು. “ಅವನ ಕೇಸು ಬೇರೆ ಕಣೋ ಹೈದ. ಅದು ಕೋರ್ಟಿಗೇ ಹೋಗಿಲ್ಲ.”

“ಅದೇ ಸಾಹೇಬ್ರೆ, ಬೇರೆ ಆಗಿದ್ದು,” ಎಂದ ಮಾವ.

ಎಲ್‌ಬ್ರಿಜ್‌ಗೆ ಇಳಿಯುವ ದಾರಿ ಬಂತು. ಹೆದ್ದಾರಿಯಿಂದಲೇ ಅವರ ನೀರಿನ ಟ್ಯಾಂಕು ಕಾಣುತ್ತದೆ. ಅದರ ಬುಡದಲ್ಲೇ ಶೆರಿಲ್ ಮನೆ.

“ಸಾಹೇಬ್ರೆ, ಬರೋವಾಗ ಇಲ್ಲಿ ಒಂದ್ಗಳಿಗೆ ನಿಲ್ಲಿಸ್ತೀರಾ? ಮಗಳನ್ನ ನೋಡ್ಕಂಬತ್ತೀನಿ. ಗಾಡಿಯಿಂದ ಇಳಿಯೋದೂ ಬ್ಯಾಡ, ಅವರೇ ಬಾಗ್ಲಿಗೆ ಬತ್ತಾರೆ.”

“ನೀನ್ ಹೆಂಗ್ ಮಾತಾಡ್ತೀಯೋ ನೋಡಾಣ,” ಎಂದ.

*

ಶಾಸನಸಭೆಯ ಬಾಗಿಲಲ್ಲಿದ್ದ ಕಾವಲಿನವನು ಮೂಗು ಮುರಿದ. “ಮೀನಿನೋರು ಹಿಂದ್ಗಡೆಯಿಂದ.” ನಾನು ಸಾಕ್ಷಿ ಹೇಳಲು ಬಂದವನು ಅಂದೆ. “ಸಾಕ್ಷಿ ಹೇಳೋ ಮೀನಿನೋರೂ ಹಿಂದ್ಗಡೆಯಿಂದ,” ಎಂದ. ಪ್ರೂಡನ್ ಮುಂದಿನ ಬಾಗಿಲಲ್ಲಿ ಹೋದ.

ಒಳಗೆ ಉದ್ದನೆಯ ಮೇಜು. ನಡುವೆ ಸಮಿತಿಯ ಅಧ್ಯಕ್ಷೆ ವಿಟ್ಕಂಬ್, ಬೆಳ್ಳಿಕೂದಲಿನ ಹೆಂಗಸು, ಜೇನಿನಂಥ ದನಿ. ಪ್ರೂಡನ್ ಎದ್ದು ಭಾಷಣ ಮಾಡಿದ. ರಾಜ್ಯದ ಸ್ವಾಭಿಮಾನ ಅಂದ, ವಾಷಿಂಗ್ಟನ್ನಿನ ಚಾಟಿ ಅಂದ, ನಮ್ಮ ಅಜ್ಜಂದಿರು ಯಾರ ಮುಂದೂ ಕೈ ಕಟ್ಟಿ ನಿಂತವರಲ್ಲ ಅಂದ. ಅವನ ಅಜ್ಜಂದಿರ ಮುಂದೆ ಕೈ ಕಟ್ಟಿ ನಿಂತವರ ಮೊಮ್ಮಗ ನಾನು ಕುರ್ಚಿಯ ತುದಿಯಲ್ಲಿ ಕೂತು ಕೇಳಿದೆ.

ಆಮೇಲೆ ನನ್ನ ಸರದಿ. ಕಲಿತದ್ದನ್ನು ಹೇಳಿದೆ. ತಪ್ಪು, ದೇವರು, ಪ್ರೂಡನ್ ಸಾಹೇಬರು. ‘ಕಾಪಾಡಿದರು’ ಅನ್ನುವಾಗ ಅವನ ಕಡೆ ನೋಡಿದೆ.

“ತುಂಬಾ ಚೆನ್ನಾಗಿ ಹೇಳಿದೆ ಮಗು,” ಎಂದಳು ವಿಟ್ಕಂಬ್. “ಒಂದೇ ಪ್ರಶ್ನೆ. ಆವತ್ತು ಗಾಂಜಾ ಸೇದಿ ಎಷ್ಟು ದೂರ ಕಾರು ಓಡಿಸಿದ್ದೆ?”

“ಕಾರೇ ಇರಲಿಲ್ಲ ಮೇಡಂ.”

“ಮತ್ತೆ ಎಲ್ಲಿ ಸಿಕ್ಕಿದ್ದು?”

ಪ್ರೂಡನ್ ಗಂಟಲು ಸರಿಮಾಡಿಕೊಂಡ. ನಾನು ಅತ್ತ ನೋಡಲಿಲ್ಲ. “ಸ್ಮಶಾನದಲ್ಲಿ. ಅಣ್ಣನ್ನ ಹೂತ ದಿವ್ಸ. ಸಮಾಧಿಕಟ್ಟೆ ಮ್ಯಾಲೆ ಕೂತಿದ್ದೆ.”

ಮೇಜಿನ ತುದಿಯಲ್ಲಿದ್ದ ಒಬ್ಬ ಬಾಯಲ್ಲಿದ್ದ ಹಲ್ಲುಕಡ್ಡಿ ತೆಗೆದು ನಕ್ಕ. “ಅಲ್ಲೂ ಸುಮ್ಮನಿರಲಿಲ್ವೇನಯ್ಯ?”

“ಕಟ್ಟೆ ಮ್ಯಾಲೆ ಕೂರಾಕೆ ಲೈಸೆನ್ಸ್ ಬೇಕಾ ಸಾರ್? ಅದನ್ನೇ ಕೇಳೋಣ ಅಂತ ಬಂದೆ. ಕೂತಿದ್ದು ಕಲ್ಲ್ ಮ್ಯಾಲೆ, ಕಿತ್ಕಂಡಿದ್ದು ಕಾರಿನ ಲೈಸೆನ್ಸು. ಕಲ್ಲು ಎಲ್ಲಿಗೂ ಹೋಗಲಿಲ್ಲ, ಇನ್ನೂ ಅಲ್ಲೇ ಅದೆ.”

ನಗು. ಬರೆದುಕೊಳ್ಳುತ್ತಿದ್ದ ಹುಡುಗಿಯೂ ನಕ್ಕಳು. ಹಲ್ಲುಕಡ್ಡಿಯವನು ಮಾತ್ರ ನಗು ನಿಲ್ಲಿಸಿದ್ದ. “ಇದು ಚುನಾವಣೆ ವರ್ಷ ತಾಯಿ,” ಎಂದ ವಿಟ್ಕಂಬ್ ಕಡೆ ತಿರುಗಿ. “ಗಾಂಜಾದವರ ಕೈಗೆ ಸ್ಟೀರಿಂಗ್ ಕೊಟ್ಟು ಬಂದೆ ಅಂತ ನಾನು ನನ್ನೂರಲ್ಲಿ ಹೇಳ್ಬೇಕಾ? ಎದುರಾಳಿ ಅದನ್ನೇ ಗೋಡೆಗೋಡೆಗೆ ಅಂಟಿಸ್ತಾನೆ.”

“ಊಟ ಆದಮೇಲೆ ಮತಕ್ಕೆ ಹಾಕೋಣ,” ಎಂದಳು ವಿಟ್ಕಂಬ್. “ಪ್ರೂಡನ್ನವರ ಮೀನು ಆರಿಹೋಗುತ್ತೆ.”

*

ಹುಲ್ಲುಹಾಸಿನ ಮೇಲೆ, ದೊಡ್ಡ ಓಕ್ ಮರದಡಿ, ಅತ್ತೆ ಜೋಳದ ಹಿಟ್ಟು ಮೆತ್ತಿದ ಮೀನನ್ನು ಕಾದ ಎಣ್ಣೆಗೆ ಬಿಡುತ್ತಿದ್ದಳು. ಲೂಷಸ್ ಮಾವ ಹಿಟ್ಟಿನುಂಡೆ ಕರಿಯುತ್ತಿದ್ದ. ನನಗೆ ಪ್ರೂಡನ್ ಒಂದು ಏಪ್ರನ್ ಎಸೆದ. “ಸಾಕ್ಷಿ ಆಯ್ತಲ್ಲ, ತಟ್ಟೆ ಹಿಡಿ. ಸಮಾಧಿ ಬ್ಯಾಡ ಅಂದಿರ್ಲಿಲ್ವಾ ಬೋಳಿಮಗನೆ?”

“ಕೇಳಿದ್ರು ಸಾಹೇಬ್ರೆ. ಹೇಳ್ದೆ.”

ಸಾಲಿನಲ್ಲಿ ಹಲ್ಲುಕಡ್ಡಿಯವನು ಬಂದ. ಈಗಷ್ಟೇ ನನ್ನ ಮುಖ ನೋಡಿ ಮಾತಾಡಿದವನು. “ಬಾಲದ ಕಡೇದು ಹಾಕೋ, ಗರಿಗರಿ ಇರೋದು,” ಎಂದ. ಗುರುತೇ ಇಲ್ಲ. ಏಪ್ರನ್ ಹಾಕಿಕೊಂಡರೆ ನಮಗೆ ಮುಖ ಇರುವುದಿಲ್ಲ. ವಿಟ್ಕಂಬ್ ಕೂಡ ತಟ್ಟೆ ಚಾಚಿ, “ಎಲೆಕೋಸು ಬೇಡ ಕಣಪ್ಪ,” ಎಂದು ಮುಂದೆ ಹೋದಳು.

ಸಿಹಿ ಚಹಾದ ಹೂಜಿ ಹಿಡಿದು ಮರದ ಹಿಂದೆ ಹೋದಾಗ ಪ್ರೂಡನ್ ಮತ್ತು ರಸ್ತೆ ಸಮಿತಿಯ ಫೋರ್ನಿ ನಿಂತಿದ್ದರು. ಇಬ್ಬರ ಲೋಟದಲ್ಲೂ ಇದ್ದದ್ದು ಚಹಾ ಅಲ್ಲ. ನಾನು ಐಸ್ ಹಾಕಿದೆ. ಅವರು ಮಾತು ನಿಲ್ಲಿಸಲಿಲ್ಲ. ಮರದ ಮುಂದೆ ಯಾರು ಮಾತು ನಿಲ್ಲಿಸುತ್ತಾರೆ?

“ಹಟ ಹಿಡೀಬೇಡ ಹೋಲಿಸ್,” ಎಂದ ಫೋರ್ನಿ, ಪ್ರೂಡನ್ನನ ಹೆಸರು ಹಿಡಿದು. “ಈ ಕಾಗದ ನಿಂಗ್ಯಾಕೆ? ವಿಟ್ಕಂಬಿಗೂ ಬೇಡ, ಗವರ್ನರಿಗೂ ಬೇಡ. ಸಹಿ ಹಾಕೋ ಧೈರ್ಯ ಯಾರಿಗೂ ಇಲ್ಲ. ಹಿಂದೆ ತಗೋ.”

“ತಗೊಂಡ್ರೆ ನಂಗೇನು?”

“ನಿನ್ನ ಕೊಳದ ರಸ್ತೆ ಕೇಳ್ತಿದ್ದೆಯಲ್ಲ. ಹೆದ್ದಾರಿ ದುಡ್ಡಲ್ಲೇ ಡಾಂಬರು ಹಾಕಿಸ್ತೀನಿ, ಕಾರ್ಖಾನೆ ಬಾಗಿಲವರೆಗೂ.”

ಪ್ರೂಡನ್ ಲೋಟ ತಿರುಗಿಸಿದ. “ಸೇತುವೆನೂ ಸೇರಿಸು.”

“ಆಯ್ತು, ಸೇತುವೆನೂ.”

ಪ್ರೂಡನ್ ನನ್ನ ಕಡೆ ಲೋಟ ಚಾಚಿದ. “ಇನ್ನೊಂದೆರಡು ತುಂಡು ಐಸ್ ಹಾಕು.”

ಹಾಕಿದೆ. ಒಂದು ತುಂಡು ಅವನ ಬೂಟಿನ ಮೇಲೆ ಬಿತ್ತು.

ಬಾಣಲೆಯ ಹತ್ತಿರ ಬಂದು ಅತ್ತೆಗೆ ಹೇಳಿದೆ. ಅವಳು ಜಾಲರಿ ಸೌಟಿನಿಂದ ಮೀನು ತಿರುವುತ್ತಲೇ ಇದ್ದಳು. “ನಂಗೇನೂ ಕೇಳಿಸ್ಲಿಲ್ಲ, ನಿಂಗೂ ಕೇಳಿಸ್ಲಿಲ್ಲ. ಮಗಳನ್ನ ನೋಡ್ಬೇಕಲ್ವಾ ನೀನು? ಬರೋವಾಗ ನಿಲ್ಲಿಸ್ತಾನೆ. ಆಟು ಹೊತ್ತು ಬಾಯಿ ಹೊಲ್ಕಂಡಿರು.”

“ಲೈಸೆನ್ಸ್ ಮಾರಿ ಡಾಂಬರು ತಗಂಡ ಕಣತ್ತೆ.”

“ಅವನದ್ದಾ ಮಾರಿದ್ದು? ನಿಂದು. ಬ್ಯಾರೆಯೋರ್ದು ಮಾರೋದು ಸಲೀಸು.” ಎಣ್ಣೆಯಿಂದ ಎದ್ದ ಹೊಗೆಗೋ ಏನೋ ಅವಳು ಕಣ್ಣು ಒರೆಸಿಕೊಂಡಳು.

ಊಟವಾದ ಮೇಲೆ ನಾನು ಹಿಂದಿನ ಬಾಗಿಲಲ್ಲಿ ನಿಂತು ನೋಡಿದೆ. ಪ್ರೂಡನ್ ಎದ್ದು, “ಈ ವಿಷಯ ಇನ್ನಷ್ಟು ಆಲೋಚನೆ ಬೇಡುತ್ತದೆ, ಠರಾವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ,” ಎಂದ. ವಿಟ್ಕಂಬ್ ಮರದ ಸುತ್ತಿಗೆ ಒಂದು ಸಲ ಬಡಿದಳು. ಮುಗಿಯಿತು. ಹಲ್ಲುಕಡ್ಡಿಯವನು ಆಗಲೇ ತೂಕಡಿಸುತ್ತಿದ್ದ.

*

ಬಾಣಲೆ ತಿಕ್ಕಿ ಟ್ರೈಲರಿಗೆ ಏರಿಸುವ ಹೊತ್ತಿಗೆ ಪ್ರೂಡನ್ ತೂರಾಡುತ್ತ ಬಂದ. ವ್ಯಾನಿನ ಬೀಗದ ಕೈ ನನ್ನ ಎದೆಗೆ ಎಸೆದ.

“ಓಡ್ಸು.”

“ನನ್ ತಾವ ಲೈಸೆನ್ಸ್ ಇಲ್ಲ ಸಾಹೇಬ್ರೆ.”

“ಗೊತ್ತು ಕಣೋ! ಬೆಳಿಗ್ಗೆಯಿಂದ ಅದ್ರ ಮ್ಯಾಲೇ ಭಾಷಣ ಬಿಗಿದಿವ್ನಿ.” ತನ್ನ ಹಾಸ್ಯಕ್ಕೆ ತಾನೇ ನಕ್ಕ. “ನಾನು ಕುಡಿದಿವ್ನಿ. ಕುಡಿದು ಓಡಿಸ್ಬಾರ್ದು, ಅದು ತಪ್ಪು. ನೀನೇ ಓಡ್ಸು.”

“ಸಿಕ್ಕಿಬಿದ್ರೆ ನಾನು ಜೈಲಿಗೆ ಹೊಯ್ತೀನಿ.”

“ನಾನ್ ಇಲ್ವೇನೋ ಪಕ್ಕದಲ್ಲಿ? ಓಡಿಸ್ದೆ ಇದ್ರೆ ನಾಳೆಯಿಂದ ಕೊಳದ ಕಡೆ ತಲೆ ಹಾಕ್ಬ್ಯಾಡ. ನೀನೂ ಅಷ್ಟೇ, ಈ ಮುದಿಯನೂ ಅಷ್ಟೇ, ನಿಮ್ಮತ್ತೆ ಚೂರಿನೂ ಅಷ್ಟೇ.”

ಅತ್ತೆಗೆ ಗಾಡಿ ಓಡಿಸಲು ಬರುವುದಿಲ್ಲ. ಲೂಷಸ್ ಮಾವನ ಕಣ್ಣಿಗೆ ಪೊರೆ. ನಾನು ಹತ್ತಿದೆ.

ಒಂದು ಮಾತು ನಿಜ ಹೇಳಬೇಕು. ಸ್ಟೀರಿಂಗ್ ಹಿಡಿದೊಡನೆ ಮೈಗೆ ಸುಖವಾಯಿತು. ಕೈ ಏನನ್ನೂ ಮರೆತಿರಲಿಲ್ಲ. ಟ್ರೈಲರಿನ ಭಾರ ಬೆನ್ನಿಗೆ ತಿಳಿಯುತ್ತಿತ್ತು, ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಆ ಸುಖಕ್ಕೇ ನನಗೆ ಸಿಟ್ಟು ಬಂತು. ನನ್ನದೇ ಕೆಲಸವನ್ನು ನಾನು ಕದ್ದು ಮಾಡಬೇಕು, ಅದೂ ಕಿತ್ತುಕೊಂಡವನ ಅಪ್ಪಣೆಯ ಮೇಲೆ.

ಹೊಲಗಳ ಮೇಲೆ ಇಳಿಬಿಸಿಲು. ಎಲ್‌ಬ್ರಿಜ್‌ನ ನೀರಿನ ಟ್ಯಾಂಕು ಕಂಡಿತು. ನಾನು ಬಲಗಡೆಯ ದೀಪ ಮಿಟುಕಿಸಿದೆ.

“ಏನದು?” ಎಂದ ಪ್ರೂಡನ್, ಕಣ್ಣು ಮುಚ್ಚಿಕೊಂಡೇ.

“ನನ್ ಮಗಳು ಸಾಹೇಬ್ರೆ. ಬೆಳಿಗ್ಗೆ ಕೇಳಿದ್ನಲ್ಲ. ಒಂದ್ಗಳಿಗೆ.”

“ಸಮಾಧಿ ಕತೆ ಹೊಡ್ದೋನು ನೀನು. ಸೀದಾ ಓಡ್ಸು.”

“ಬಾಗಿಲ ಮುಂದೆ ಒಂದು ಹಾರ್ನ್ ಹಾಕ್ತೀನಿ, ಅಷ್ಟೇಯ.”

“ಸೀದಾ ಅಂದೆ.”

ದಾರಿ ಬಲಗಡೆ ಕವಲೊಡೆಯಿತು, ಇಳಿಯಿತು, ಹಿಂದೆ ಹೋಯಿತು. ಮಿಟುಕಿಸುವ ದೀಪ ಇನ್ನೂ ಟಿಕ್ ಟಿಕ್ ಅನ್ನುತ್ತಿತ್ತು. ಅತ್ತೆ ಹಿಂದಿನಿಂದ ಕೈ ಚಾಚಿ ನನ್ನ ಭುಜ ಒತ್ತಿದಳು. ದೀಪ ಆರಿಸಿದೆ.

ಇನ್ನೂ ಸ್ವಲ್ಪ ದೂರ ಹೋಗಿದ್ದೆವು. ಕನ್ನಡಿಯಲ್ಲಿ ನೀಲಿ ದೀಪ ತಿರುಗತೊಡಗಿತು.

ರಸ್ತೆಯ ಅಂಚಿಗೆ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗಿನ ಮೇಲೆ ಕಾಣುವಂತೆ ಇಟ್ಟೆ. ಅದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೊಲೀಸ್ ಬಂದ. ಎಳೆ ಮುಖ, ದೊಡ್ಡ ಟೋಪಿ, ಒಂದು ಕೈ ಸೊಂಟದ ಮೇಲೆ.

“ಟ್ರೈಲರ್ ದೀಪ ಉರೀತಿಲ್ಲ. ಯಾರದೋ ಗಾಡಿ? ತೆಗಿ ಲೈಸೆ...”

“ಯಾರಪ್ಪಾ ಅದು?” ಪ್ರೂಡನ್ ಮುಂದೆ ಬಗ್ಗಿದ. ವಿಸ್ಕಿಯ ಘಮ ನನ್ನ ಮುಖ ದಾಟಿ ಅವನಿಗೆ ಬಡಿಯಿತು. “ಮುಂದ್ಗಡೆ ನಂಬರ್ ಪ್ಲೇಟ್ ನೋಡಿದ್ಯಾ ಮಗ?”

ಅವನು ಹೋಗಿ ನೋಡಿ ಬಂದ. ಶಾಸಕರ ಪ್ಲೇಟು. ಸೊಂಟದ ಕೈ ಟೋಪಿಯ ಅಂಚಿಗೆ ಹೋಯಿತು. “ಕ್ಷಮಿಸಿ ಸರ್. ಗೊತ್ತಾಗ್ಲಿಲ್ಲ. ಹೋಗಿ ಬನ್ನಿ. ದೀಪ ಒಂದು ಹಾಕಿಸ್ಬಿಡಿ ಸರ್.”

“ಒಳ್ಳೆ ಹುಡುಗ,” ಎಂದು ಪ್ರೂಡನ್ ಹಿಂದಕ್ಕೆ ಒರಗಿದ. “ಎತ್ತು ಗಾಡಿ.”

ನಾನು ಇಂಜಿನ್ ಆರಿಸಿದೆ. ಬೀಗದ ಕೈ ತೆಗೆದು, ಕಿಟಕಿಯಿಂದ ನಿಧಾನವಾಗಿ ಕೈ ಚಾಚಿ, ವ್ಯಾನಿನ ಮೇಲೆ ಇಟ್ಟೆ. ಮತ್ತೆ ಎರಡೂ ಕೈ ಸ್ಟೀರಿಂಗಿಗೆ.

“ಏನ್ ಮಾಡ್ತಿದ್ದೀಯ?” ಎಂದ ಪೊಲೀಸ್.

“ಲೈಸೆನ್ಸ್ ಕೇಳ್ರಿ ಸಾರ್.”

“ಹೋಗು ಅಂದ್ನಲ್ಲ.”

“ಅರ್ಧ ಕೇಳಿದ್ರಿ, ಪೂರ್ತಿ ಕೇಳ್ರಿ. ಆವತ್ತು ನಾನೊಬ್ನೇ ಮಗಳನ್ನ ನೋಡಾಕೆ ಹೋಗ್ತಿದ್ದಾಗ ಇದೇ ರಸ್ತೇಲಿ ನಿಮ್ಮೋರು ಕೇಳಿದ್ರು. ಕೈಗೆ ಬೇಡಿ ಹಾಕಿ ಕೇಳಿದ್ರು. ಇವತ್ಯಾಕೆ ಕೇಳಲ್ಲ?”

“ಆರ್ಲಿಸ್!” ಅತ್ತೆಯ ದನಿ ಒಡೆಯಿತು. “ಬ್ಯಾಡ ಕಣಪ್ಪ. ಮಗು ನೆನೆಸ್ಕೊ.”

“ನೆನೆಸ್ಕಂಡೇ ಹೇಳ್ತಿರೋದು ಅತ್ತೆ. ನಂಗೆ ಲೈಸೆನ್ಸ್ ಇಲ್ಲ ಸಾರ್. ಗಾಂಜಾ ಕೇಸು. ಎರಡು ಸಲ ಹಿಡಿದವ್ರೆ, ಇದು ಮೂರ್ನೇದು. ಬರ್ಕಳಿ. ಬರ್ದು, ಅದ್ರ ಕೆಳ್ಗೆ ಇದನ್ನೂ ಬರ್ಕಳಿ: ಗೊತ್ತಿದ್ದೂ ಓಡ್ಸು ಅಂದೋರು ಪಕ್ಕದಲ್ಲೇ ಕೂತವ್ರೆ, ಶಾಸಕರು, ಕುಡಿದವ್ರೆ. ಹೆಸರು ಹೋಲಿಸ್ ಪ್ರೂಡನ್.”

ಪ್ರೂಡನ್ನನ ಅಮಲು ಸರ್ರನೆ ಇಳಿದಿತ್ತು. “ಸೂಳೆಮಗನೆ, ನಿನ್ ಚರ್ಮ ಸುಲಿಸ್ಬುಡ್ತೀನಿ. ಆಫೀಸರ್, ಇವನು ಹೊಗೆ ಹೊಡಕೊಂಡವ್ನೆ, ಏನೇನೋ ಒದರ್ತಾವ್ನೆ. ಆ ಕೀ ಕೊಡಪ್ಪ ಇತ್ತ.”

“ಕೀ ಮುಟ್ಟಿದ್ರೆ ನೀವು ಓಡಿಸ್ಬೇಕಾಯ್ತದೆ ಸಾಹೇಬ್ರೆ,” ಎಂದ ಲೂಷಸ್ ಮಾವ. ಹಿಂದಿನ ಬಾಗಿಲು ಜಾರಿಸಿ, ಏದುಸಿರು ಬಿಡುತ್ತ ಇಳಿದು, ಎರಡೂ ಕೈ ಮೇಲೆತ್ತಿ ರಸ್ತೆಯ ಅಂಚಿನಲ್ಲಿ ನಿಂತ. “ಕುಡಿದು ಓಡಿಸೋದು ತಪ್ಪು ಅಂತ ನೀವೇ ಅಂದ್ರಿ. ನಾನ್ ಕೇಳಿಸ್ಕಂಡೆ ಆಫೀಸರಪ್ಪ. ಕಣ್ಣು ಮಂಜು, ಕಿವಿ ಚೆಂದಾಗದೆ.”

ಲಾರಿಗಳು ಹಾದುಹೋದ ಹಾಗೆಲ್ಲ ವ್ಯಾನು ಅಲುಗಿತು. ಟ್ರೈಲರಿನಲ್ಲಿ ಬಾಣಲೆಗಳು ಒಂದಕ್ಕೊಂದು ಬಡಿದವು. ಆಚೆಯಿಂದ ಬಂದ ಒಂದು ಕಾರು ನಿಧಾನಿಸಿತು. ಒಳಗಿನ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದರು. ಪೊಲೀಸ್ ಜೇಬಿನಿಂದ ಚೀಟಿಗಳ ಪುಸ್ತಕ ತೆಗೆದ. ನನ್ನನ್ನು ನೋಡಿದ. ಪ್ರೂಡನ್ನನನ್ನು ನೋಡಿದ. ಕೈ ಎತ್ತಿಕೊಂಡು ನಿಂತ ಮುದುಕನನ್ನು ನೋಡಿದ. ಈ ಪೊಲೀಸ್ ನನಗಿಂತ ಚಿಕ್ಕವನಿರಬೇಕು.

“ಇಬ್ಬರದೂ ಬರೀಬೇಕಾಗುತ್ತೆ,” ಎಂದ, ಯಾರಿಗೆಂದು ಗೊತ್ತಾಗದ ಹಾಗೆ.

“ಹೂಂ ಸಾರ್. ನಂದು ಮೊದ್ಲು ಬರೀರಿ,” ಎಂದೆ. “ಅವರ್ದೂ ಬರೆಯೋವರ್ಗೂ ನಾನು ಕಾಯ್ತೀನಿ.”

ಅವನು ಪೆನ್ನಿನ ಮುಚ್ಚಳ ಹಲ್ಲಿನಿಂದ ಕಚ್ಚಿ ತೆಗೆದ. ಕಾಗದದ ಮೇಲೆ ಇನ್ನೂ ಏನೂ ಇರಲಿಲ್ಲ.